ಬರೆಗೆ ಒರಗಿದ ನೆಲಮಾಳಿಗೆ: ನೀರಿಗೆ ದಾರಿ ಮಾಡಿ, ಆಮೇಲೆ ಕೋಣೆ ಮಾಡಿ

ಕೊಡಗಿನಲ್ಲಿ ಮನೆಗೆ ಸಮತಟ್ಟಾದ ಜಾಗ ಸಿಗುವುದು ಕಷ್ಟ. ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿ, ಕಡಿದು ಕಟ್ಟುತ್ತೇವೆ. ರಸ್ತೆ ಕಡೆಯಿಂದ ನೋಡಿದರೆ ಒಂದು ಅಂತಸ್ತು, ತೋಟದ ಕಡೆಯಿಂದ ನೋಡಿದರೆ ಎರಡು. ಆ ಕೆಳಗಿನ ಅಂತಸ್ತಿನ ಒಂದೋ ಎರಡೋ ಗೋಡೆ ಪೂರ್ತಿ ಮಣ್ಣಿಗೆ ಒರಗಿರುತ್ತದೆ. ಅದನ್ನು ಹೋಮ್‌ಸ್ಟೇ ರೂಮ್ ಮಾಡೋಣ, ಮಕ್ಕಳಿಗೆ ಓದುವ ಕೋಣೆ ಮಾಡೋಣ ಎಂದು ಹೊರಟವರು ಸೋಲುವುದು ಹೆಚ್ಚಾಗಿ ಒಂದೇ ಕಡೆ. ಏಪ್ರಿಲ್‌ನಲ್ಲಿ ಗೋಡೆ ಒಣಗಿ ಚೆನ್ನಾಗಿ ಕಾಣುತ್ತದೆ. ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆಸುತ್ತಾರೆ, ಪುಟ್ಟಿ ಹಾಕಿಸುತ್ತಾರೆ, ಟೈಲ್ಸ್ ಕೂರಿಸುತ್ತಾರೆ. ಕಕ್ಕಡ (ಜುಲೈ–ಆಗಸ್ಟ್‌ನ ಜೋರು ಮಳೆಯ ತಿಂಗಳು) ಬರುವಷ್ಟರಲ್ಲಿ ಪೇಂಟ್ ಗುಳ್ಳೆ ಎದ್ದಿರುತ್ತದೆ. ಮರುವರ್ಷ ಇನ್ನೂ ದುಬಾರಿ ಡಬ್ಬ ತರುತ್ತಾರೆ. ಮತ್ತೆ ಅದೇ ಕತೆ.

ಇದು ಯಾಕೆ ಅಂತ ಒಂದು ಲೆಕ್ಕದಲ್ಲಿ ಗೊತ್ತಾಗುತ್ತದೆ. ಗೋಡೆಯ ಹಿಂದೆ 1 ಮೀಟರ್ ಎತ್ತರ ನೀರು ನಿಂತರೆ, ಗೋಡೆಯ ಬುಡದಲ್ಲಿ ಪ್ರತಿ ಚದರ ಮೀಟರ್‌ಗೆ ಸುಮಾರು 1 ಟನ್ ಒತ್ತಡ ಬೀಳುತ್ತದೆ. 8 ಅಡಿ ನಿಂತರೆ 2.4 ಟನ್. ಒಳಗೆ ಬಳಿದ ಪೇಂಟನ್ನು ಈ ನೀರು ಹಿಂದಿನಿಂದ ತಳ್ಳುತ್ತದೆ. ಯಾವ ಪೇಂಟೂ ತಡೆಯುವುದಿಲ್ಲ. ಅದಕ್ಕೇ ಮೊದಲು ಹೊರಗಿನ ನೀರಿಗೆ ದಾರಿ, ಆಮೇಲೆ ಗೋಡೆ, ಆಮೇಲೆ ನೆಲ, ಪೇಂಟ್ ಕೊನೆಗೆ. ಮಧ್ಯದಲ್ಲಿ ಒಂದು ಪೂರ್ತಿ ಮಳೆಗಾಲ ಬರಿಗೋಡೆಯನ್ನು ಸುಮ್ನೆ ನೋಡಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಈ ಕೊನೆಯ ಮಾತನ್ನೇ.

## ಕೆಲಸದ ಕ್ಯಾಲೆಂಡರ್

ಜೂನ್‌ನಿಂದ ಸೆಪ್ಟೆಂಬರ್ ನೀರು ಎಲ್ಲಿಂದ ಬರುತ್ತದೆ ಅಂತ ನೋಡುವ ಕಾಲ. ಆಗ ಯಾರೂ ಅಗೆಯಬಾರದು. ತುಲಾ ಸಂಕ್ರಮಣ (ಅಕ್ಟೋಬರ್ ಮಧ್ಯ) ಕಳೆದ ಮೇಲೆ ಮೇಸ್ತ್ರಿಯನ್ನು ಕರೆಸಿ, ಅಳತೆ ತೆಗೆಸಿ, ಸಾಮಾನು ತರಿಸಿ. ಅಗೆಯುವ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಸಮಯ. ಆದರೆ ಕಾಫಿ ಕೊಯ್ಲೂ ಅದೇ ಹೊತ್ತಿಗೆ ಬರುತ್ತದೆ, ಆಳು ಸಿಗುವುದಿಲ್ಲ. ಹುತ್ತರಿ ಹಬ್ಬಕ್ಕೆ (ನವೆಂಬರ್ ಕೊನೆ, ಡಿಸೆಂಬರ್) ಮುಂಚೆಯೇ ಮಾತಾಡಿ ಇಟ್ಟುಕೊಳ್ಳಿ. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಹೂಮಳೆ ಹೇಳದೆ ಕೇಳದೆ ಬರುತ್ತದೆ. ಕಾಫಿಗೆ ಅದು ವರ. ತೆರೆದ ಗುಂಡಿಗೆ ಅಲ್ಲ. ಅಷ್ಟರೊಳಗೆ ಮಣ್ಣು ಮುಚ್ಚಿ ಮುಗಿಸಿರಬೇಕು.

ಆಮೇಲೆ ಬರುವ ಮಳೆಗಾಲ ಪರೀಕ್ಷೆ. ಪಾಸಾದರೆ ಅಕ್ಟೋಬರ್ ನಂತರ ಟೈಲ್ಸ್, ಪೇಂಟ್, ಪೀಠೋಪಕರಣ. ಲೆಕ್ಕ ಹಾಕಿದರೆ ಸುಮಾರು ಒಂದೂವರೆ ವರ್ಷ ಆಯಿತು. ಮೂರು ತಿಂಗಳಲ್ಲಿ ಮುಗಿಸಿಕೊಡುತ್ತೇನೆ ಅನ್ನುವ ಕಾಂಟ್ರಾಕ್ಟರ್‌ಗೆ, ಮುಂದಿನ ಸೆಪ್ಟೆಂಬರ್‌ವರೆಗೆ ಕಾಲು ಭಾಗ ಹಣ ಹಿಡಿದಿಟ್ಟುಕೊಳ್ಳುತ್ತೇನೆ ಎಂದು ಹೇಳಿ ನೋಡಿ. ಉತ್ತರದಲ್ಲೇ ಅವರ ಧೈರ್ಯ ಗೊತ್ತಾಗುತ್ತದೆ.

## ಹಂತ 1: ಕೈ ಹಾಕುವ ಮುಂಚೆ ಅಪಾಯ ನೋಡಿ

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ, 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಜಾರಿದ್ದು ನಮಗೆಲ್ಲ ನೆನಪಿದೆ. ಎಲ್ಲ ತೇವದ ಗೋಡೆಯೂ ಅಷ್ಟು ದೊಡ್ಡ ವಿಷಯ ಅಲ್ಲ. ಆದರೆ ಕೆಳಗಿನ ಯಾವುದಾದರೂ ಒಂದು ಕಂಡರೂ ಇದು ವಾಟರ್‌ಪ್ರೂಫಿಂಗ್ ಕೆಲಸ ಅಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಬೇಕು.

- ಮಣ್ಣಿಗೆ ಒರಗಿದ ಗೋಡೆಯ ನಡುಭಾಗದಲ್ಲಿ ಅಡ್ಡಡ್ಡ ಬಿರುಕು.
- ಗೋಡೆ ಹೊಟ್ಟೆ ಬಿಟ್ಟಿರುವುದು. ಮೇಲಿನಿಂದ ತೂಕದ ಗುಂಡು ಇಳಿಬಿಟ್ಟು ಮೂರು ಎತ್ತರದಲ್ಲಿ ಅಳೆದರೆ ತಿಳಿಯುತ್ತದೆ.
- ಮೇಲಿನ ಬರೆಯಲ್ಲಿ ಅಥವಾ ಅಂಗಳದಲ್ಲಿ ಹೊಸ ಸೀಳು. ಓರೆಯಾಗುತ್ತಿರುವ ಮರ, ಕಂಬ, ಬೇಲಿ.
- ನಿನ್ನೆಯವರೆಗೆ ಸರಿಯಿದ್ದ ಬಾಗಿಲು, ಕಿಟಕಿ ಇದ್ದಕ್ಕಿದ್ದಂತೆ ಸಿಕ್ಕಿಕೊಳ್ಳುವುದು.
- ಬರೆಯಲ್ಲಿ ಹೊಸ ಜಾಗದಿಂದ ಒರತೆ ಏಳುವುದು, ಅಥವಾ ಜೋರು ಮಳೆಯಲ್ಲೂ ಹಳೆಯ ಒರತೆ ನಿಂತುಹೋಗುವುದು.
- ಗೋಡೆಯಿಂದ ಕೆಸರು ನೀರು ಬರುವುದು.

ಕೊನೆಯದನ್ನು ಸುಲಭವಾಗಿ ಪರೀಕ್ಷೆ ಮಾಡಬಹುದು. ಬರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಒಂದು ಗಂಟೆ ಅಲ್ಲಾಡಿಸದೆ ಇಡಿ. ತಿಳಿಯಾಗೇ ಇದ್ದರೆ ನೀರು ಮಾತ್ರ ಬರುತ್ತಿದೆ. ತಳದಲ್ಲಿ ಮಣ್ಣು ಕೂತರೆ ಗೋಡೆಯ ಹಿಂದಿನ ಮಣ್ಣು ಕೊಚ್ಚಿಹೋಗುತ್ತಿದೆ, ಅಲ್ಲಿ ಪೊಳ್ಳಾಗುತ್ತಿದೆ ಎಂದರ್ಥ.

ಬಿರುಕು ಹಳೆಯದೋ ಬೆಳೆಯುತ್ತಿರುವುದೋ ಗೊತ್ತಿಲ್ಲದಿದ್ದರೆ ಅದರ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಮಳೆ ಸುರಿಯುತ್ತಿರುವಾಗ ಮೇಲಿನ ಪಟ್ಟಿಯ ಯಾವ ಲಕ್ಷಣ ಕಂಡರೂ ಕಾಯಬೇಡಿ. ಕೆಳಗಿನ ಅಂತಸ್ತು ಮಾತ್ರ ಅಲ್ಲ, ಮನೆಯನ್ನೇ ಬಿಟ್ಟು ಹೊರಗೆ ಬನ್ನಿ. ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತು ಸಂಖ್ಯೆ 112.

## ಹಂತ 2: ನೀರು ಎಲ್ಲಿಂದ ಬರುತ್ತಿದೆ?

ತೋಟ ಇರುವ ಮನೆಯಲ್ಲಿ ಮಳೆ ಮಾಪಕ ಇದ್ದೇ ಇರುತ್ತದೆ. ದಿನಾ ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಬರೆಯುವ ಆ ಪುಸ್ತಕದಲ್ಲೇ ಪಕ್ಕಕ್ಕೆ ಇನ್ನೊಂದು ಸಾಲು ಸೇರಿಸಿ: ಗೋಡೆಯ ಯಾವ ಭಾಗ ಒದ್ದೆ, ಎಷ್ಟು ಹೊತ್ತಿಗೆ ಒದ್ದೆಯಾಯಿತು. ಒಂದು ಮಳೆಗಾಲದ ಬರವಣಿಗೆ ಸಾಕು, ಕಳ್ಳ ಸಿಕ್ಕಿಬೀಳುತ್ತಾನೆ. ಮೂಲ ನಾಲ್ಕು ಥರ.

ಮೇಲಿನ ನೀರು. ಜೋರು ಮಳೆ ಶುರುವಾಗಿ ಒಂದೆರಡು ಗಂಟೆಯೊಳಗೆ ಗೋಡೆಯ ಮೇಲ್ಭಾಗ ಒದ್ದೆಯಾದರೆ ಸೂರಿನ ನೀರೋ ಅಂಗಳದ ನೀರೋ ಗೋಡೆ ಬುಡಕ್ಕೆ ಇಳಿಯುತ್ತಿದೆ. ರಿಪೇರಿಗೆ ಇದು ಅಗ್ಗ.

ನೆಲದೊಳಗಿನ ನೀರು. ಮಳೆ ಬಿದ್ದು ಒಂದೆರಡು ದಿನ ಬಿಟ್ಟು ಗೋಡೆಯ ಕೆಳಭಾಗ, ಗೋಡೆ ಮತ್ತು ನೆಲ ಸೇರುವ ಮೂಲೆ ಒದ್ದೆಯಾಗುತ್ತದೆ. ಮಳೆ ನಿಂತರೂ ವಾರಗಟ್ಟಲೆ ಒಸರುತ್ತದೆ. ಗುಡ್ಡ ಕುಡಿದ ನೀರನ್ನು ನಿಧಾನವಾಗಿ ಬಿಡುತ್ತಿದೆ. ನಮ್ಮಲ್ಲಿ ಹೆಚ್ಚಿನ ಮನೆಗಳ ರೋಗ ಇದೇ.

ಮನೆಯದೇ ನೀರು. ಮಾರ್ಚ್‌ನಲ್ಲೂ ಒದ್ದೆಯಾಗಿದ್ದರೆ ಮಳೆಯನ್ನು ದೂರಬೇಡಿ. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಟ್ಯಾಂಕಿನ ಮಟ್ಟ ಗುರುತು ಹಾಕಿ, ಬೆಳಿಗ್ಗೆ ನೋಡಿ. ಇಳಿದಿದ್ದರೆ ಪೈಪ್ ಸೋರುತ್ತಿದೆ. ಮೇಲಿನ ಬಚ್ಚಲು, ಮನೆಯ ಮೇಲ್ಬದಿಗೆ ತೋಡಿದ ಇಂಗುಗುಂಡಿ ಇದ್ದರೆ ಅವನ್ನೂ ಅನುಮಾನಿಸಿ. ಬಚ್ಚಲ ನೀರಿಗೆ ಬಣ್ಣ ಕಲಸಿ ಬಿಟ್ಟು ಒಂದೆರಡು ದಿನ ಗೋಡೆ ನೋಡಿದರೆ ಸುಳಿವು ಸಿಗಬಹುದು. ಮಣ್ಣು ಬಣ್ಣ ಹೀರಿಕೊಳ್ಳುತ್ತದೆ, ಹಾಗಾಗಿ ಬಣ್ಣ ಕಾಣಲಿಲ್ಲ ಎಂದ ಮಾತ್ರಕ್ಕೆ ಸಂಬಂಧ ಇಲ್ಲ ಅಂತಲ್ಲ. ವಾಸನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಗಾಳಿಯ ತೇವ. ಇದರಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಜುಲೈನಲ್ಲಿ ಮಡಿಕೇರಿಯ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ. ಅದು ತಣ್ಣಗಿನ ಗೋಡೆಗೆ, ಟೈಲ್ಸ್‌ಗೆ ತಾಗಿ ಹನಿಯಾಗುತ್ತದೆ. ಮಣ್ಣಿಗೆ ತಾಗದ ಒಳಗೋಡೆಯ ಮೇಲೂ ಹನಿ ಕಂಡರೆ ಇದೇ ಇರಬೇಕು. ಇದಕ್ಕೆ ಹೊರಗೆ ಎಷ್ಟು ಅಗೆದರೂ ಪ್ರಯೋಜನ ಇಲ್ಲ.

ಸೋರಿಕೆಯೋ ಗಾಳಿಯ ತೇವವೋ ಎಂದು ತಿಳಿಯಲು ಪ್ಲಾಸ್ಟಿಕ್ ಪರೀಕ್ಷೆ ಮಾಡಿ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ. ಆ ಜಾಗವನ್ನು ಮೊದಲು ಬಟ್ಟೆಯಿಂದ ಒರೆಸಿ, ಹೇರ್ ಡ್ರೈಯರ್ ಹಿಡಿದು ಒಣಗಿಸಿ. ಇಲ್ಲದಿದ್ದರೆ ಟೇಪ್ ನಿಲ್ಲುವುದಿಲ್ಲ. ನಾಲ್ಕೂ ಅಂಚಿಗೆ ಟೇಪ್ ಒತ್ತಿ ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆ ಕಡೆಗೆ ಹನಿ ಇದ್ದರೆ ನೀರು ಗೋಡೆಯಿಂದ ಬರುತ್ತಿದೆ. ನಮ್ಮ ಕಡೆಯ ಮೇಲ್ಮೈಯಲ್ಲಿ ಹನಿ ಇದ್ದರೆ ಗಾಳಿಯಿಂದ. ಎರಡೂ ಕಡೆ ಇದ್ದರೆ ಎರಡೂ. ಮೂರ್ನಾಲ್ಕು ಜಾಗದಲ್ಲಿ, ನೆಲದಲ್ಲೂ ಮಾಡಿ ನೋಡಿ.

ಗೋಡೆಯ ಮೇಲೆ ಬಿಳಿ ಹುಡಿ ಕಂಡರೆ ಅದು ಬೂಸ್ಟು ಅಲ್ಲ, ಉಪ್ಪು. ಗೋಡೆಯ ಮೂಲಕ ನೀರು ಹಾದುಬಂದು ಆರಿದ್ದಕ್ಕೆ ಸಾಕ್ಷಿ. ಅದನ್ನು ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ಉದುರಿಸಿ, ಗುಡಿಸಿ ಹೊರಗೆ ಹಾಕಿ.

## ಹಂತ 3: ಸೂರು ಮತ್ತು ಅಂಗಳ

1,000 ಚದರ ಅಡಿ ಮಾಡಿನ ಮೇಲೆ 4 ಇಂಚು ಮಳೆ ಬಿದ್ದರೆ 9,000 ಲೀಟರ್‌ಗಿಂತ ಜಾಸ್ತಿ ನೀರು. ಕಕ್ಕಡದಲ್ಲಿ ಒಂದು ದಿನಕ್ಕೆ 4 ಇಂಚು ನಮಗೆ ಸುದ್ದಿಯೇ ಅಲ್ಲ. ಅಷ್ಟೂ ನೀರು ಸೂರಿನಿಂದ ನೇರ ಗೋಡೆ ಬುಡಕ್ಕೆ ಬಿದ್ದರೆ ಗತಿಯೇನು?

ಮಣ್ಣಿಗೆ ಒರಗಿದ ಕಡೆ ಸೂರಿಗೆ ಕಡ್ಡಾಯವಾಗಿ ದೋಣಿ (ಸೂರಿನ ನೀರು ಹಿಡಿಯುವ ಕಾಲುವೆ) ಕಟ್ಟಿಸಿ. ಇಳಿಪೈಪ್ 4 ಇಂಚಿನದಿರಲಿ. ಅದನ್ನು ಬುಡದಲ್ಲೇ ಬಿಡದೆ, ಜೋಡು ಇಲ್ಲದ ಪೈಪಿನಲ್ಲಿ ಮನೆಯ ಕೆಳಬದಿಗೆ ಒಯ್ಯಿರಿ. ಅಂಗಳ ಮನೆಯಿಂದ ಹೊರಮುಖವಾಗಿ ಇಳಿಯಬೇಕು, ಮೊದಲ 10 ಅಡಿಗೆ 6 ಇಂಚು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದರೆ ಅದರ ಸಂದಿನಿಂದ ನೀರು ಇಳಿಯುತ್ತದೆ ಅನ್ನುವುದು ನೆನಪಿರಲಿ. ಗೋಡೆಗೆ ತಾಗಿದ ಮೂರು ಅಡಿ ಪಟ್ಟಿಗಾದರೂ ಕಾಂಕ್ರೀಟ್ ಹಾಕಿಸಿ. ಗೋಡೆಗೆ ಅಂಟಿದ ಹೂವಿನ ಪಾತಿ ಇದ್ದರೆ ತೆಗೆಸಿ. ಮನೆಯವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ, ಗಿಡಗಳನ್ನು ಕುಂಡಕ್ಕೆ ಬದಲಿಸಬಹುದು.

ಇಷ್ಟನ್ನು ಮಳೆಗಾಲದ ಮಧ್ಯದಲ್ಲೂ ಮಾಡಬಹುದು. ಮಾಡಿ, ಎರಡು ವಾರ ನೋಡಿ. ಮೇಲಿನ ನೀರೊಂದೇ ತೊಂದರೆ ಆಗಿದ್ದರೆ ಇಲ್ಲಿಗೇ ಮುಗಿಯಿತು. ಹಂತ 6ಕ್ಕೆ ಹೋಗಿ.

## ಹಂತ 4: ಗುಡ್ಡದ ಕಡೆಯ ನೀರನ್ನು ದೂರದಲ್ಲೇ ಹಿಡಿಯಿರಿ

ಮನೆಯ ಮೇಲ್ಬದಿಗೆ, ಬರೆಯ ಅಂಚಿನಿಂದ ಸ್ವಲ್ಪ ಹಿಂದಕ್ಕೆ ಒಂದು ಅಡ್ಡ ಚರಂಡಿ ಬೇಕು. ಗುಡ್ಡದಿಂದ ಹರಿದು ಬರುವುದನ್ನು ಹಿಡಿದು ಎರಡೂ ಪಕ್ಕಕ್ಕೆ ದಾಟಿಸಬೇಕು. ಒಂದು ಷರತ್ತು: ಆ ಚರಂಡಿಯ ತಳ, ಬದಿ ಸಿಮೆಂಟ್ ಆಗಿರಬೇಕು. ಬರಿ ಮಣ್ಣಿನ ಚರಂಡಿ ನೀರನ್ನು ಹಿಡಿಯುವುದಕ್ಕಿಂತ ಇಂಗಿಸುವುದೇ ಜಾಸ್ತಿ. ಆ ನೀರು ಸೀದಾ ನಿಮ್ಮ ಗೋಡೆಯ ಹಿಂದಕ್ಕೆ ಬರುತ್ತದೆ.

ಇದೇ ಕಾರಣಕ್ಕೆ ತೊಟ್ಟಿಲು ಗುಂಡಿಯ ವಿಷಯ ಹೇಳಬೇಕು. ಕಾಫಿ ಸಾಲಿನ ನಡುವೆ ಅವು ಒಳ್ಳೆಯವೇ. ನೀರು ಇಂಗಿಸುವುದೇ ಅವುಗಳ ಕೆಲಸ. ಆದರೆ ಮನೆಯ ನೆತ್ತಿಯ ಮೇಲಿನ ಸಾಲುಗಳಲ್ಲಿ ಇದ್ದರೆ ಅದೇ ಕೆಲಸ ನಮಗೆ ಮುಳುವು. ಮನೆಗೆ ಹತ್ತಿರದ ಸಾಲುಗಳಲ್ಲಿ ಅವನ್ನು ಮಣ್ಣು ಹಾಕಿ ಗಟ್ಟಿಮಾಡಿ. ಮಳೆನೀರು ಇಂಗುಗುಂಡಿ, ಬಚ್ಚಲ ಇಂಗುಗುಂಡಿ ಎರಡೂ ಮನೆಯ ಕೆಳಬದಿಗೆ ಹೋಗಬೇಕು. ಬರೆಯ ಮೇಲಿನ ಮರ ಕಡಿಯುವ ಆತುರ ಬೇಡ. ಬೇರು ಮಣ್ಣನ್ನು ಹಿಡಿದುಕೊಂಡಿರುತ್ತದೆ.

ಚರಂಡಿಯ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ತೀರ್ಮಾನ ಮಾಡಿ. ತೋಡಿಗೆ ಅಥವಾ ರಸ್ತೆ ಚರಂಡಿಗೆ ಸೇರಬೇಕು. ಕೆಳಗಿನ ಮನೆಯವರ ಬರೆಯ ಮೇಲೆ ಬಿಟ್ಟರೆ ಜಗಳ ಒಂದು ಕಡೆ, ಅವರ ಬರೆ ಕುಸಿದರೆ ನಿಮ್ಮ ಅಂಗಳವೂ ಹಿಂದೆಯೇ ಹೋಗುತ್ತದೆ.

## ಹಂತ 5: ಗೋಡೆಯ ಹೊರಗೆ ಅಗೆದು ಬಸಿಗಾಲುವೆ ಹಾಕುವುದು

ಇಡೀ ಕೆಲಸದ ಹೃದಯ ಇದು. ಹೆಚ್ಚು ಖರ್ಚು, ಹೆಚ್ಚು ಅಪಾಯ ಎರಡೂ ಇಲ್ಲೇ.

ಬೇಕಾದದ್ದು: ಗುದ್ದಲಿ, ಹಾರೆ, ಪಿಕಾಸಿ, ಮಣ್ಣು ತಡೆಯಲು ಹಲಗೆ ಮತ್ತು ಗೂಟ, ತಂತಿ ಬ್ರಷ್, ಕರಣೆ, ಮಟ್ಟ ನೋಡಲು ನೀರಿನ ಟ್ಯೂಬು. ಸಾಮಾನಿನಲ್ಲಿ 4 ಇಂಚಿನ ತೂತಿರುವ ಪಿವಿಸಿ ಪೈಪ್, ತೊಳೆದ 20 ಮತ್ತು 40 ಎಂಎಂ ಜಲ್ಲಿ, ನೇಯದ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವಂಥದ್ದು), ಸಿಮೆಂಟ್, ಎಂ ಸ್ಯಾಂಡ್, ವಾಟರ್‌ಪ್ರೂಫ್ ಪೌಡರ್, ಹೊರಗೋಡೆಗೆ ಬಳಿಯುವ ಪಾಲಿಮರ್ ಸಿಮೆಂಟ್ ಅಥವಾ ಬಿಟುಮೆನ್ ಲೇಪ, ಅದರ ರಕ್ಷಣೆಗೆ ಗುಬ್ಬಿಗುಬ್ಬಿ ಇರುವ ಪ್ಲಾಸ್ಟಿಕ್ ಶೀಟು.

ಅಗೆತ. ಗೋಡೆ ಉದ್ದಕ್ಕೂ ಒಂದೇ ಸಲ ಅಗೆಯಬೇಡಿ. 5–6 ಅಡಿ ಉದ್ದದ ತುಂಡು ಅಗೆದು, ಕೆಲಸ ಮುಗಿಸಿ, ಮುಚ್ಚಿ, ಮುಂದಿನದಕ್ಕೆ ಹೋಗಿ. ಆಳ 4 ಅಡಿ ದಾಟಿದರೆ ಎರಡೂ ಬದಿಗೆ ಹಲಗೆ ಕೊಟ್ಟು ಅಡ್ಡ ಗೂಟ ಬಿಗಿಯಬೇಕು. ನಮ್ಮ ಕೆಂಪು ಮಣ್ಣು ಒಣಗಿದಾಗ ಗೋಡೆಯ ಹಾಗೆ ನಿಂತಿರುತ್ತದೆ. ಆ ಧೈರ್ಯವನ್ನು ನಂಬಬೇಡಿ. ಕುಸಿಯುವಾಗ ಅದು ಸದ್ದು ಮಾಡುವುದಿಲ್ಲ, ಸೊಂಟದವರೆಗೆ ಮಣ್ಣು ಬಿದ್ದರೂ ಮನುಷ್ಯ ಅಲ್ಲಾಡಲು ಆಗುವುದಿಲ್ಲ. ಗುಂಡಿಯಲ್ಲಿ ಒಬ್ಬನೇ ಇರಬಾರದು. ಮೇಲೆ ಒಬ್ಬ ನೋಡುತ್ತಿರಬೇಕು. ತೆಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ 3 ಅಡಿ ದೂರ ಹಾಕಿ. ಎತ್ತರದ ಬರೆಯ ಬುಡದಲ್ಲಿ ಜೆಸಿಬಿ ಇಳಿಸುವುದು ಎಂಜಿನಿಯರ್ ಒಪ್ಪಿದರೆ ಮಾತ್ರ.

ಪಾಯದ ತಳಕ್ಕಿಂತ ಕೆಳಗೆ ಒಂದು ಇಂಚೂ ಹೋಗಬೇಡಿ. ಪಾಯದ ಕೆಳಗಿನ ಮಣ್ಣು ಸಡಿಲವಾದರೆ ಮನೆಯೇ ಕೂರುತ್ತದೆ.

ಗೋಡೆ. ತಂತಿ ಬ್ರಷ್‌ನಿಂದ ಮಣ್ಣು ಉಜ್ಜಿ ತೆಗೆಯಿರಿ. ಸೈಜುಗಲ್ಲಿನ ಗೋಡೆಯಾದರೆ ಸಂದುಗಳಲ್ಲಿ ಗಾರೆ ಉದುರಿರುತ್ತದೆ. ಸಡಿಲ ಗಾರೆ ಕೆರೆದು ಹೊಸದಾಗಿ ತುಂಬಿ. ಆಮೇಲೆ 1:4 ಅಳತೆಯ ಗಾರೆಗೆ ವಾಟರ್‌ಪ್ರೂಫ್ ಪೌಡರ್ ಸೇರಿಸಿ ಎರಡು ಪದರ, ಒಟ್ಟು 20 ಎಂಎಂ. ಪಾಯವೂ ಗೋಡೆಯೂ ಸೇರುವ ಮೂಲೆಗೆ ದುಂಡಗೆ ಗಾರೆ ಹಾಕಿಸಿ. ಚೂಪು ಮೂಲೆಯಲ್ಲಿ ಲೇಪ ಬಿರಿಯುತ್ತದೆ. ಏಳು ದಿನ ನೀರುಣಿಸಿ. ಒಣಗಿದ ಮೇಲೆ ಲೇಪ ಎರಡು ಸಲ, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಪದರಗಳ ನಡುವೆ ಎಷ್ಟು ಹೊತ್ತು ಬಿಡಬೇಕು ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಚಳಿಗಾಲದ ಇಬ್ಬನಿಯಲ್ಲಿ ಅದಕ್ಕಿಂತ ಜಾಸ್ತಿಯೇ ಬೇಕಾಗುತ್ತದೆ. ಲೇಪದ ಮೇಲೆ ಪ್ಲಾಸ್ಟಿಕ್ ಶೀಟು. ಅದಿಲ್ಲದೆ ಜಲ್ಲಿ ಸುರಿದರೆ ಲೇಪ ಹರಿದು ಖರ್ಚೆಲ್ಲ ದಂಡ.

ಈ ಕ್ಯೂರಿಂಗ್ ಲೆಕ್ಕದಿಂದಲೇ ತುಂಡು ತುಂಡು ಕೆಲಸ ನಿಧಾನವಾಗುತ್ತದೆ. ಒಂದು ತುಂಡು ಬಿಟ್ಟು ಒಂದು ತುಂಡು ಅಗೆದರೆ, ಅಂದರೆ 1, 3, 5 ಮೊದಲು, ಆಮೇಲೆ 2, 4, ನಡುವೆ ಗಟ್ಟಿ ಮಣ್ಣು ನಿಂತಿರುತ್ತದೆ, ದಿನವೂ ಉಳಿಯುತ್ತದೆ.

ಪೈಪ್. ಪಾಯದ ಪಕ್ಕದಲ್ಲಿ ಬಟ್ಟೆಯನ್ನು ಅಗಲವಾಗಿ ಹಾಸಿ, ಅದರ ಮೇಲೆ 2 ಇಂಚು ಜಲ್ಲಿ, ಮೇಲೆ ಪೈಪ್. ತೂತುಗಳು ಕೆಳಮುಖವಾಗಿರಬೇಕು. ಇಲ್ಲಿ ಮೇಸ್ತ್ರಿಗಳು ಹೆಚ್ಚಾಗಿ ವಾದ ಮಾಡುತ್ತಾರೆ. ನೀರು ಕೆಳಗಿನಿಂದ ಏರಿ ಪೈಪಿನೊಳಗೆ ಬರುತ್ತದೆ. ತೂತು ಮೇಲಿದ್ದರೆ ಪೈಪಿನ ನೆತ್ತಿಯವರೆಗೆ ನೀರು ನಿಂತೇ ಇರುತ್ತದೆ, ಮಣ್ಣೂ ಬೀಳುತ್ತದೆ. ಇಳಿಜಾರು ಪ್ರತಿ ಮೀಟರ್‌ಗೆ ಕನಿಷ್ಠ 1 ಸೆಂಟಿಮೀಟರ್. ಕಣ್ಣಂದಾಜು ಬೇಡ, ಟ್ಯೂಬು ಹಿಡಿದೇ ನೋಡಿ. ತಿರುವು ಇರುವ ಮೂಲೆಯಲ್ಲಿ ಒಂದು ಪೈಪನ್ನು ನೇರ ಮೇಲಕ್ಕೆ ತಂದು ಮುಚ್ಚಳ ಹಾಕಿ. ಮುಂದೆ ಕಟ್ಟಿಕೊಂಡರೆ ಅಲ್ಲಿಂದ ನೀರು ಬಿಟ್ಟು ತೊಳೆಯಬಹುದು.

ಪೈಪಿನ ಸುತ್ತ, ಮೇಲೆ ಒಂದೂವರೆ ಅಡಿಯಷ್ಟು ಜಲ್ಲಿ ಹಾಕಿ, ಬಟ್ಟೆಯನ್ನು ಮಡಚಿ ಪೂರ್ತಿ ಮುಚ್ಚಿ. ಬಟ್ಟೆ ಉಳಿಸುವ ಆಸೆ ಬೇಡ. ಅದಿಲ್ಲದ ಜಲ್ಲಿಯ ಸಂದಿಗೆ ಎರಡು ಮೂರು ಮಳೆಗಾಲದಲ್ಲಿ ಮಣ್ಣು ತುಂಬಿ, ನೀರು ಹೋಗದಂತಾಗುತ್ತದೆ. ಗೋಡೆಗೆ ತಾಗಿ ಒಂದಡಿ ಅಗಲದ ಜಲ್ಲಿ ಪಟ್ಟಿಯನ್ನು ಮೇಲಿನವರೆಗೂ ತಂದರೆ ಇನ್ನೂ ಒಳ್ಳೆಯದು. ಅದಕ್ಕೂ ಮಣ್ಣಿನ ಕಡೆಯಿಂದ ಬಟ್ಟೆ ಇರಬೇಕು. ನೆಲಮಟ್ಟದಿಂದ ಕೊನೆಯ ಒಂದಡಿಗೆ ಮಾತ್ರ ಜಿಗುಟು ಮಣ್ಣು ಹಾಕಿ ಗಟ್ಟಿಯಾಗಿ ಬಡಿಯಿರಿ. ಮೇಲಿನ ನೀರು ಜಲ್ಲಿಗೆ ಇಳಿಯಬಾರದು.

ಬಾಯಿ. ಪೈಪಿನ ಕೊನೆ ಇಳಿಜಾರಿನ ಕೆಳಗೆ ಬಯಲಿಗೆ ತೆರೆಯಬೇಕು. ನಗರದ ಮನೆಗಳಲ್ಲಿ ಗುಂಡಿ ಮಾಡಿ ಪಂಪ್ ಇಡುತ್ತಾರೆ. ನಮ್ಮಲ್ಲಿ ಜುಲೈನ ಗಾಳಿಗೆ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಪಂಪ್ ಬೇಕಾಗುವುದೂ ಅದೇ ದಿನ, ಅಲ್ವಾ? ಗುಡ್ಡದ ಮನೆಗೆ ದೇವರು ಕೊಟ್ಟ ಇಳಿಜಾರು ಇದೆ, ಅದನ್ನೇ ಬಳಸಿ. ಬಾಯಿಗೆ ಜಾಲರಿ ಬಿಗಿಯಿರಿ. ಇಲಿ, ಹಾವು ಪೈಪಿನೊಳಗೆ ಮನೆ ಮಾಡಬಾರದಲ್ಲ.

### ಅಗೆಯಲು ಆಗದಿದ್ದರೆ

ಗೋಡೆಯ ಹಿಂದೆ ಪಕ್ಕದವರ ಜಾಗ, ರಸ್ತೆ, ಅಥವಾ 15 ಅಡಿ ಬರೆ ಇರುತ್ತದೆ. ಆಗ ಒಳಗಿನಿಂದಲೇ ಕೆಲಸ ಮಾಡಬೇಕು. ಇದು ಎರಡನೇ ದರ್ಜೆಯ ದಾರಿ, ಆದರೆ ದಾರಿಯೇ.

ನೀರನ್ನು ಒಳಗೆ ಬರಲು ಬಿಟ್ಟು, ಅದನ್ನು ಹಿಡಿದು ಹೊರಗೆ ಕಳಿಸಬೇಕು. ಗೋಡೆ ಬುಡದ ಉದ್ದಕ್ಕೂ ನೆಲವನ್ನು ಒಂದಡಿ ಅಗಲ ಒಡೆದು, ಅದೇ ಪೈಪ್, ಜಲ್ಲಿ, ಬಟ್ಟೆಯ ಬಸಿಗಾಲುವೆ ಮಾಡಿ ತೆರೆದ ಬದಿಯ ಗೋಡೆಯಡಿಯಿಂದ ಹೊರಗೆ ಬಿಡಿ. ಇಲ್ಲೂ ಪಾಯದ ತಳಕ್ಕಿಂತ ಕೆಳಗೆ ಇಳಿಯಬೇಡಿ. ಗೋಡೆಯ ಬುಡದಲ್ಲಿ 4–5 ಅಡಿಗೊಂದರಂತೆ ನೀರಿನ ತೂತು ಕೊರೆಸಿ ಈ ಕಾಲುವೆಗೆ ಸೇರಿಸಬಹುದು. ಕಾಂಕ್ರೀಟ್ ಗೋಡೆಯಾದರೆ ಎಂಜಿನಿಯರನ್ನು ಕೇಳಿಯೇ ಕೊರೆಸಿ, ಕಂಬಿ ಕತ್ತರಿಸಬಾರದು. ಕೊರೆದ ತೂತಿನ ಹಿಂಬದಿಗೆ ಜಾಲರಿ ಅಥವಾ ಬಟ್ಟೆ ಸುತ್ತಿದ ಪೈಪ್ ತೂರಿಸದಿದ್ದರೆ ನೀರಿನ ಜೊತೆ ಮಣ್ಣೂ ಬರುತ್ತದೆ.

ಗೋಡೆಯಲ್ಲಿ ಒಂದೇ ಕಡೆಯಿಂದ ನೀರು ಚಿಮ್ಮುತ್ತಿದ್ದರೆ ಅಲ್ಲಿ ಗೋಡೆಯ ಆಳದಲ್ಲಿ ಅಗಲ, ನಮ್ಮ ಕಡೆಗೆ ಕಿರಿದು ಬರುವಂತೆ ಉಳಿಯಿಂದ ಕೆತ್ತಿ, ಕೆಲವೇ ನಿಮಿಷದಲ್ಲಿ ಗಟ್ಟಿಯಾಗುವ ಪ್ಲಗ್ ಸಿಮೆಂಟನ್ನು ಒತ್ತಿ ಹಿಡಿಯಿರಿ. ಕೈಗವಸು ಹಾಕಿಕೊಳ್ಳಿ, ಚರ್ಮ ಸುಡುತ್ತದೆ. ಉಳಿದ ಗೋಡೆಗೆ ಹಳೆಯ ಗಾರೆ ಕಿತ್ತು ಹರಳು ಕಟ್ಟುವ ಜಾತಿಯ ಸಿಮೆಂಟ್ ಲೇಪ ಬಳಿಯಿರಿ. ಇದು ಗೋಡೆಯ ಸಣ್ಣ ರಂಧ್ರಗಳೊಳಗೆ ಹೋಗಿ ಬೆಳೆಯುವುದರಿಂದ ಹಿಂದಿನ ಒತ್ತಡಕ್ಕೆ ಪೇಂಟಿಗಿಂತ ಮೇಲು. ಕಾಂಕ್ರೀಟಿನ ಮೇಲೆ ಚೆನ್ನಾಗಿ ನಡೆಯುತ್ತದೆ. ಕಲ್ಲಿನ ಗೋಡೆಗೆ ಮೊದಲು ಸಿಮೆಂಟ್ ಗಾರೆ ಹಾಕಿಯೇ ಬಳಿಯಬೇಕು.

ಒಂದು ಎಚ್ಚರಿಕೆ. ತಡೆಗೋಡೆಯಲ್ಲಿ ಮೊದಲೇ ಇರುವ ನೀರಿನ ತೂತುಗಳನ್ನು, ಅದರಿಂದಲೇ ನೀರು ಬರುತ್ತದೆ ಎಂದು ಸಿಮೆಂಟ್ ತುಂಬಿ ಮುಚ್ಚುವವರು ಇದ್ದಾರೆ. ಒಳಗೆ ಒಣಗಿದ ಹಾಗೆ ಕಾಣುತ್ತದೆ. ಹಿಂದೆ ನೀರು ಏರುತ್ತಾ ಹೋಗುತ್ತದೆ. ಆಮೇಲೆ ಬರುವುದು ತೇವ ಅಲ್ಲ, ಗೋಡೆಯೇ. ಆ ತೂತುಗಳನ್ನು ತೆರೆದೇ ಇಡಿ, ಅವುಗಳ ನೀರಿಗೆ ಕಾಲುವೆ ಮಾಡಿ.

## ಹಂತ 6: ನೆಲ

ಹಳೆಯ ನೆಲದಲ್ಲಿ ತೇವ ಏಳುತ್ತಿದ್ದರೆ ಅದರ ಮೇಲೆ ಟೈಲ್ಸ್ ಕೂರಿಸುವುದು ದುಡ್ಡು ಹೂಳುವುದೇ. ಒಡೆಯಿರಿ. ಮಣ್ಣು ಬಡಿದು ಮಟ್ಟ ಮಾಡಿ. 6 ಇಂಚು ಬರಿ ಜಲ್ಲಿ ಹಾಕಿ, ಪುಡಿ ಸೇರಿಸಬೇಡಿ. ಪುಡಿ ಇದ್ದರೆ ನೀರು ಅದರ ಮೂಲಕ ಮೇಲೇರುತ್ತದೆ. ಈ ಜಲ್ಲಿಯ ಪದರ ಬಸಿಗಾಲುವೆಗೆ ತಾಗುವಂತಿರಲಿ. ಅದರ ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ. ಜೋಡಿನಲ್ಲಿ ಒಂದಡಿ ಒಂದರ ಮೇಲೊಂದು ಬರಬೇಕು, ಟೇಪ್ ಹಾಕಬೇಕು, ಗೋಡೆಯ ಕಡೆ ನೆಲಮಟ್ಟಕ್ಕಿಂತ ಮೇಲಕ್ಕೆ ಮಡಚಬೇಕು. ಕಾಂಕ್ರೀಟ್ ಸುರಿಯುವಾಗ ಬೂಟು, ಬಾಂಡ್ಲಿ ತಾಗಿ ಹರಿಯುವುದು ಸಾಮಾನ್ಯ. ನೀವೇ ನಿಂತು ನೋಡಿ. ಮೇಲೆ 4 ಇಂಚು ಕಾಂಕ್ರೀಟ್.

ನೆಲಕ್ಕೂ ಸಣ್ಣ ಇಳಿಜಾರು ಕೊಡಿ, ತೆರೆದ ಬದಿಯ ಬಾಗಿಲಿನ ಕಡೆಗೆ. ಎಂದಾದರೂ ನೀರು ಬಂದರೆ ಗುಡಿಸಿ ಹಾಕಬಹುದು.

## ಹಂತ 7: ಒಂದು ಮಳೆಗಾಲ ಬರಿಗೋಡೆ

ಪೇಂಟ್ ಇಲ್ಲ, ಪುಟ್ಟಿ ಇಲ್ಲ, ಟೈಲ್ಸ್ ಇಲ್ಲ. ಜೂನ್ ಬರಲಿ. ಗೋಡೆಯ ಮೇಲೆ ಒದ್ದೆ ಕಂಡ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾರೀಖು ಹಾಕಿ. ಪೈಪಿನ ಬಾಯಿಂದ ನೀರು ಹರಿಯುತ್ತಿದೆಯೇ ನೋಡಿ. ಜೋರು ಮಳೆಯ ಮೂರನೇ ದಿನವೂ ಅಲ್ಲಿ ನೀರಿಲ್ಲ, ಒಳಗೆ ಗೋಡೆ ಒದ್ದೆ ಎಂದರೆ ಇಳಿಜಾರು ತಪ್ಪಿದೆ ಅಥವಾ ಪೈಪ್ ಕಟ್ಟಿದೆ. ಮೊದಲ ಕೆಲವು ದಿನ ನೀರು ಸ್ವಲ್ಪ ಕೆಂಪಗೆ ಬರಬಹುದು. ಆಮೇಲೆ ತಿಳಿಯಾಗಬೇಕು.

ಹೊಸ ಗಾರೆಯ ತೇವ ಆರಲೂ ತಿಂಗಳುಗಳು ಬೇಕು. ಹಾಗಾಗಿ ಜೂನ್‌ನ ಸಣ್ಣ ಕಲೆಗೆ ಗಾಬರಿಯಾಗಬೇಡಿ. ನಿಜವಾದ ಫಲಿತಾಂಶ ಕಕ್ಕಡದಿಂದ ಕೈಲ್‌ಪೊಳ್ದ್ ಹಬ್ಬದವರೆಗೆ (ಸೆಪ್ಟೆಂಬರ್ ಆರಂಭ) ಸಿಗುತ್ತದೆ. ಗುಡ್ಡ ನೀರು ಕುಡಿದು ತುಂಬಿರುವುದು ಆಗಲೇ.

ಬೇಗ ಒಣಗಲಿ ಎಂದು ಬಾಗಿಲು ಮುಚ್ಚಿ ಒಳಗೆ ಕೆಂಡದ ಬಟ್ಟಲು ಇಡುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಇದ್ದಿಲಿನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಅದೇ ಕಾರಣಕ್ಕೆ ಕೆಳಗಿನ ಬಚ್ಚಲಿಗೆ ಗ್ಯಾಸ್ ಗೀಸರ್ ಬೇಡ. ಕರೆಂಟಿನದೋ ಸೋಲಾರೋ ಇರಲಿ.

## ಹಂತ 8: ಕರೆಂಟು ಮತ್ತು ಗಾಳಿ

ವೈರಿಂಗನ್ನು ಮಣ್ಣಿಗೆ ಒರಗಿದ ಗೋಡೆಯಲ್ಲಿ ಕೊರೆದು ಹೂಳಬೇಡಿ. ಒಳಗೋಡೆಯಲ್ಲಿ ತನ್ನಿ, ಸ್ವಿಚ್‌ಬೋರ್ಡ್ ನೆಲದಿಂದ 4 ಅಡಿ ಮೇಲಿರಲಿ. ಈ ಅಂತಸ್ತಿಗೆ ಬೇರೆ ಆರ್‌ಸಿಸಿಬಿ ಬೇಕು, 30 ಮಿಲಿಆಂಪಿಯರ್‌ನದು. ತೇವದ ಗೋಡೆಯ ಶಾಕ್‌ನಿಂದ ಕಾಪಾಡುವುದು ಅದು. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ.

ಗಾಳಿಯ ವಿಷಯದಲ್ಲಿ ನಮ್ಮ ಅಭ್ಯಾಸವೇ ಉಲ್ಟಾ. ಬೇಸಿಗೆಯಲ್ಲಿ ಕಿಟಕಿ ತೆರೆಯಬೇಕು, ಸರಿ. ಮಳೆಗಾಲದಲ್ಲಿ ತೇವ ಹೋಗಲಿ ಎಂದು ತೆರೆದಿಟ್ಟರೆ ಹೊರಗಿನ ಒದ್ದೆ ಗಾಳಿಯೇ ಒಳಗೆ ಬಂದು ಗೋಡೆಯ ಮೇಲೆ ಕೂರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಕಿಟಕಿ ಮುಚ್ಚಿ, ಡಿಹ್ಯುಮಿಡಿಫೈಯರ್ ಓಡಿಸಿ. ಅದರ ನೀರನ್ನು ಪೈಪಿನಲ್ಲಿ ಹೊರಗೆ ಬಿಡಿ. ಒಂದು ಸಣ್ಣ ತೇವಮಾಪಕ ಇಟ್ಟುಕೊಂಡು ಶೇ 60ರ ಆಸುಪಾಸಿಗೆ ತರಲು ನೋಡಿ. ಅದಕ್ಕಿಂತ ಮೇಲಿದ್ದಷ್ಟೂ ಬೂಸ್ಟು ಜಾಸ್ತಿ. ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು. ಒದ್ದೆ ಬಟ್ಟೆ ಒಣಹಾಕಲು ಈ ಕೋಣೆ ಬೇಡವೇ ಬೇಡ. ಜನ ಮಲಗುವ ಕೋಣೆಯಾದರೆ ಮನುಷ್ಯ ದಾಟಬಹುದಾದ ಎರಡನೇ ದಾರಿ, ಒಂದು ದೊಡ್ಡ ಕಿಟಕಿಯಾದರೂ ಇರಲಿ. ಅದಕ್ಕೆ ಅಲ್ಲಾಡದ ಗ್ರಿಲ್ ಬಿಗಿಯಬೇಡಿ.

## ಹಂತ 9: ಕೋಣೆ ಮಾಡುವುದು

ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಅಥವಾ ರೆಡ್ ಆಕ್ಸೈಡ್. ಮರದ ನೆಲ, ಲ್ಯಾಮಿನೇಟ್, ಗೋಡೆಯಿಂದ ಗೋಡೆಗೆ ಕಾರ್ಪೆಟ್ ಯಾವುದೂ ಇಲ್ಲಿಗಲ್ಲ.

ಮಣ್ಣಿಗೆ ಒರಗಿದ ಗೋಡೆಗೆ ಸುಣ್ಣ ಅಥವಾ ಉಸಿರಾಡುವ ಮಿನರಲ್ ಪೇಂಟ್ ಸಾಕು. ಉಳಿದ ಸ್ವಲ್ಪ ತೇವ ಅದರ ಮೂಲಕ ಆರಿಹೋಗುತ್ತದೆ. ಪುಟ್ಟಿ, ಪ್ಲಾಸ್ಟಿಕ್ ಎಮಲ್ಷನ್, ವಾಲ್‌ಪೇಪರ್ ತೇವವನ್ನು ಒಳಗೇ ಕಟ್ಟಿಹಾಕುತ್ತವೆ. ಸುಣ್ಣದ ಗೋಡೆ ಅತಿಥಿಗಳಿಗೆ ಚೆನ್ನಾಗಿ ಕಾಣುವುದಿಲ್ಲ ಅನ್ನುವವರು ಗೋಡೆಯಿಂದ 2 ಇಂಚು ಬಿಟ್ಟು ಜಿಐ ಚೌಕಟ್ಟು ನಿಲ್ಲಿಸಿ, ಅದಕ್ಕೆ ಸಿಮೆಂಟ್ ಬೋರ್ಡ್ ಹೊಡೆಸಿ. ಬೋರ್ಡ್ ನೆಲದಿಂದ ಅರ್ಧ ಇಂಚು ಮೇಲಿರಲಿ. ಹಿಂದೆ ಗಾಳಿ ಆಡಲು ಕೆಳಗೂ ಮೇಲೂ ಜಾಲಿ ಬಿಡಿ. ಒಂದು ತುಂಡು ಬಿಚ್ಚಿ ನೋಡುವ ಹಾಗಿರಲಿ. ಜಿಪ್ಸಮ್ ಬೋರ್ಡ್, ಪ್ಲೈವುಡ್ ಹಾಕಿದರೆ ಬೂಸ್ಟಿಗೂ ಗೆದ್ದಲಿಗೂ ಊಟ ಹಾಕಿದಂತೆ.

ಕಪಾಟು, ಮಂಚ ಈ ಗೋಡೆಯಿಂದ 4 ಇಂಚು ದೂರ. ಕಾಫಿ ಮೂಟೆ, ಕರಿಮೆಣಸು ಇಲ್ಲಿ ಇಡಬೇಡಿ. ಒಣಗಿಸಿದ್ದು ಮತ್ತೆ ತೇವ ಹೀರಿ ಬೆಲೆ ಕಳೆದುಕೊಳ್ಳುತ್ತದೆ. ಬೇರೆ ಜಾಗವೇ ಇಲ್ಲದಿದ್ದರೆ ಮರದ ಅಟ್ಟಣೆಯ ಮೇಲೆ, ಗೋಡೆಗೆ ತಾಗದಂತೆ, ಜೂನ್‌ಗೆ ಮುಂಚೆ ಖಾಲಿ ಮಾಡುವ ಲೆಕ್ಕದಲ್ಲಿ ಇಡಿ.

## ಹಂತ 10: ಪ್ರತಿ ಮೇ ಕೊನೆಯ ವಾರ

ದೋಣಿಯ ಎಲೆ ತೆಗೆಯಿರಿ. ನೆರಳಿನ ಮರ ಕಪಾತು ಮಾಡಿದ (ಕೊಂಬೆ ಕಡಿದ) ವರ್ಷ ಎರಡು ಸಲ ನೋಡಿ. ಮೇಲಿನ ಅಡ್ಡ ಚರಂಡಿಯ ಹೂಳು ಎತ್ತಿ, ಸಿಮೆಂಟ್ ಬಿರಿದಿದ್ದರೆ ತೇಪೆ ಹಾಕಿ. ಮೂಲೆಯ ಮುಚ್ಚಳ ತೆಗೆದು ಎರಡು ಕೊಡ ನೀರು ಸುರಿಯಿರಿ. ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ಬಾಯಲ್ಲಿ ನೀರು ಇಣುಕಿದರೆ ಸರಿ. ಬರದಿದ್ದರೆ ಹೋಸ್ ಪೈಪ್ ತೂರಿಸಿ ಜೋರಾಗಿ ನೀರು ಬಿಟ್ಟು ತೊಳೆಯಿರಿ. ಜಾಲರಿ ತುಕ್ಕು ಹಿಡಿದಿದ್ದರೆ ಬದಲಿಸಿ. ತಡೆಗೋಡೆಯ ನೀರಿನ ತೂತುಗಳಲ್ಲಿ ಹುಲ್ಲು ಬೆಳೆದಿದ್ದರೆ ಕಡ್ಡಿಯಿಂದ ಕೀಳಿ. ಆಮೇಲೆ ಬೋರ್ಡಿನ ಆ ಬಿಚ್ಚುವ ತುಂಡನ್ನು ತೆಗೆದು ಟಾರ್ಚ್ ಹಾಕಿ ಗೋಡೆ ನೋಡಿ. ಹೊಸ ಉಪ್ಪು ಕಂಡರೆ ಪೇಂಟರ್‌ಗೆ ಫೋನ್ ಮಾಡಬೇಡಿ, ಹಂತ 2ರಿಂದ ಮತ್ತೆ ಶುರು ಮಾಡಿ.